ಹರಿದ ಹಾರ, ಹರಿಯದ ನಂಬಿಕೆ



ಯುದ್ಧವೆಂದೊಡನೆ ನಿಮ್ಮ ಕಣ್ಣೆದುರು ರಥ, ಗಜ, ತುರಗಗಳೂ ಬಾಣವೃಷ್ಟಿಯೂ ನಿಲ್ಲುವುದು ಸಹಜ. ಆದರೆ ವೀರನೊಬ್ಬನನ್ನು ರಣರಂಗದಲ್ಲಿ ಕೊನೆಯುಸಿರಿನವರೆಗೆ ನಿಲ್ಲಿಸುವ ಶಕ್ತಿ ಕೆಲವೊಮ್ಮೆ ಅಂತಃಪುರದ ಒಂದೇ ಮಾತಿನಲ್ಲಿ ಅಡಗಿರುತ್ತದೆ. ಪಂಪಮಹಾಕವಿಯು ಇದನ್ನು ಬಲ್ಲವನಾಗಿದ್ದನು.

ಕ್ರಿ.ಶ. 941ರಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ ಪಾಂಡವಪಕ್ಷಕ್ಕೆ ಕರೆಯುತ್ತಾನೆ. ಆಗ ಕರ್ಣನು ನೆನೆಯುವುದು ಒಂದು ನೆತ್ತದಾಟವನ್ನು. ಆಟದಲ್ಲಿ ಭಾನುಮತಿ ಸೋತಳು. ಪಣಕ್ಕಾಗಿ ಕಾಡುವಾಗ ಅವಳ ಮುತ್ತಿನ ಹಾರ ಹರಿಯಿತು. ಅವಳ ಪತಿ ದುರ್ಯೋಧನನು ಎಳ್ಳಷ್ಟೂ ಶಂಕಿಸದೆ, ಚೆಲ್ಲಿದ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದನು. ಅಂಥ ಅರಸನನ್ನು ತೊರೆದರೆ ತಾನು ಮನುಷ್ಯನೆನಿಸುವೆನೇ ಎಂಬುದು ಕರ್ಣನ ಪ್ರಶ್ನೆ. ಆಡಿದವರಾರು, ಹಾರ ಹರಿದವರಾರು ಎಂದು ವಿದ್ವಾಂಸರು ಬಹುಕಾಲ ಚರ್ಚಿಸಿದ್ದಾರೆ. ಅನ್ವಯ ಹೇಗೇ ಇರಲಿ, ಪತಿಯ ನಂಬಿಕೆಗೆ ಕುಂದಿಲ್ಲ.

ಈ ಪ್ರಸಂಗ ವ್ಯಾಸಭಾರತದಲ್ಲಿಲ್ಲ; ತಮಿಳಿನ ವಿಲ್ಲಿಪುತ್ತೂರರ ಭಾರತದಲ್ಲಿದೆ. ಪಂಪನಿಗಿಂತ ಹಿಂದಿನ ಭಟ್ಟನಾರಾಯಣನ 'ವೇಣೀಸಂಹಾರ'ದಲ್ಲಿಯಾದರೋ ಚಿತ್ರವೇ ಬೇರೆ. ನಕುಲವೊಂದು, ಅಂದರೆ ಮುಂಗುಸಿಯೊಂದು, ನೂರು ಹಾವುಗಳನ್ನು ಕೊಂದ ಕನಸನ್ನು ಭಾನುಮತಿ ಸಖಿಯರಿಗೆ ಹೇಳುತ್ತಾಳೆ. ಮರೆಯಲ್ಲಿ ನಿಂತು ಆಲಿಸಿದ ದುರ್ಯೋಧನನು ಮಾದ್ರಿಯ ಮಗನೇ ಆ ನಕುಲನೆಂದು ಭ್ರಮಿಸಿ ಕೆರಳುತ್ತಾನೆ; ಆಮೇಲೆ ನಿಜವರಿಯುತ್ತಾನೆ. ಅಲ್ಲಿ ಶಬ್ದವೊಂದೇ ಸಂಶಯಕ್ಕೆ ಸಾಕಾಯಿತು. ಇಲ್ಲಿ ಕಣ್ಣಾರೆ ಕಂಡ ದೃಶ್ಯವೂ ಸಂಶಯವನ್ನು ಹುಟ್ಟಿಸಲಿಲ್ಲ. ಆ ನಂಬಿಕೆಯ ಋಣವನ್ನು ಕರ್ಣನು ಕುರುಕ್ಷೇತ್ರದಲ್ಲಿ ಪ್ರಾಣವಿತ್ತು ತೀರಿಸಿದನು.

ಆದರೂ ವಾಚಕರೇ, ಇಲ್ಲಿಗೇ ನಿಲ್ಲಬೇಡಿರಿ. ತನ್ನ ಸತಿಯ ಮಾನದಲ್ಲಿ ಇಷ್ಟು ವಿಶ್ವಾಸವಿದ್ದ ಈ ದುರ್ಯೋಧನನೇ ದ್ರೌಪದಿಯನ್ನು ತುಂಬಿದ ಸಭೆಗೆ ಎಳೆತರಿಸಿದನು. ವ್ಯಾಸಭಾರತದಲ್ಲಿ ಕರ್ಣನೂ ಆಕೆಯ ಶೀಲವನ್ನು ಹಳಿದು ನುಡಿದನು. ತನ್ನ ಮನೆಯೊಳಗೆ ಧರ್ಮವಾಗಿದ್ದದ್ದು ಹೊಸ್ತಿಲಾಚೆ ಇಲ್ಲವಾಯಿತು. ಕೌರವಕುಲವನ್ನು ಸುಟ್ಟದ್ದು ಆ ಕೊರತೆಯೇ.

ನಮ್ಮ ಶರಣರು ದಾಂಪತ್ಯದ ವಿಶ್ವಾಸವನ್ನು ಲೋಕನೀತಿಯಿಂದ ಬೇರ್ಪಡಿಸಲಿಲ್ಲ. ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಲಕ್ಕಮ್ಮ ಎಚ್ಚರಿಸಿದಾಗ ಆಯ್ದಕ್ಕಿ ಮಾರಯ್ಯನು ತಲೆಬಾಗಿದನು. ಸತಿಯನ್ನು ನಂಬಿದವನು ಆಕೆಯ ವಿವೇಕವನ್ನೂ ನಂಬಿದನು. ಅದರ ಫಲವು ಸಮಾಜಕ್ಕೆ ಸಂದಿತು. ಮನೆಯಲ್ಲಿ ತೋರುವ ಗೌರವವನ್ನು ಬೀದಿಯಲ್ಲಿಯೂ ತೋರಬಲ್ಲವನೇ ವೀರನು. ಹಾರದ ಮುತ್ತುಗಳನ್ನು ಮತ್ತೆ ಪೋಣಿಸಬಹುದು. ಸಭೆಯಲ್ಲಿ ಚೆಲ್ಲಿದ ಮಾನವನ್ನು ಆಯ್ದುಕೊಡುವವರಾರು?