ಹುಣಸೆಹಣ್ಣಿನ ಪಾತ್ರೆಯಲ್ಲಿ ಸಿಕ್ಕ ಸರ

ಆರ್.ಕೆ. ನಾರಾಯಣ್ ಅವರ ‘ಲೀಲಾಸ್ ಫ್ರೆಂಡ್’ ಕಥೆಯಲ್ಲಿ ಮನೆಗೆಲಸದ ಸಿದ್ದ ಐದು ವರ್ಷದ ಲೀಲಾಳ ಆಟದ ಜೊತೆಗಾರ. ಅವಳ ಚಿನ್ನದ ಸರ ಕಾಣೆಯಾದ ಕೂಡಲೇ ಅನುಮಾನ ಅವನ ಮೇಲೆ. ಅವನು ಹಿಂದೆ ಜೈಲು ಕಂಡವನೆಂದು ಪೊಲೀಸರು ಹೇಳಿದ ಮೇಲಂತೂ ಬೇರೆ ಸಾಕ್ಷಿಯೇ ಬೇಕಾಗುವುದಿಲ್ಲ. ಕೊನೆಗೆ ಸರ ಸಿಗುವುದು ಹುಣಸೆಹಣ್ಣಿನ ಪಾತ್ರೆಯಲ್ಲಿ, ಹಾಕಿದವಳು ಲೀಲಾಳೇ. ಆದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ ಎಂದು ಅಪ್ಪ ಸಮಾಧಾನ ಹೇಳಿಕೊಳ್ಳುವಲ್ಲಿಗೆ ಕಥೆ ಮುಗಿಯುತ್ತದೆ.

ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ, 1986ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಾಲ್ಗುಡಿ ಡೇಸ್’ ಇಂಥ ಕಥೆಗಳನ್ನು ಮನೆಮನೆಗೆ ತಲುಪಿಸಿತು. ಸ್ವಾಮಿಯ ಕಥೆ ಹಲವು ಕಂತುಗಳಲ್ಲಿ ಸಾಗಿದರೂ, ಬಹುಪಾಲು ಕಥೆಗಳು ಒಂದೇ ಕಂತಿನಲ್ಲಿ ಮುಗಿಯುತ್ತಿದ್ದವು. ಮುಂದಿನ ವಾರಕ್ಕೆ ನಾಯಕನನ್ನು ಗೆಲ್ಲಿಸಿ ಉಳಿಸಿಕೊಳ್ಳಬೇಕಾದ ಹಂಗು ಅವಕ್ಕಿರಲಿಲ್ಲ. ವಿಷ್ಣುವರ್ಧನ್ ನಟಿಸಿದ ‘ನಲವತ್ತೈದು ರೂಪಾಯಿ’ ಕಥೆಯ ಗುಮಾಸ್ತ, ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟು, ಐದು ರೂಪಾಯಿಯ ಬಡ್ತಿಗೆ ಸೋತು ತಡವಾಗಿ ಮನೆಗೆ ಬರುತ್ತಾನೆ. ಅವನ ಸೋಲನ್ನು ಸೋಲಾಗಿಯೇ ಬಿಡಲು ಈ ಪ್ರಕಾರಕ್ಕೆ ಸಾಧ್ಯವಿತ್ತು.

ಅಮೆರಿಕದ ಟೆಲಿವಿಷನ್ನಿನಲ್ಲಿ 1950ರ ದಶಕ ಇಂಥ ಬಿಡಿ ನಾಟಕಗಳ ಕಾಲ. ಪ್ಯಾಡಿ ಚಯೆಫ್‌ಸ್ಕಿ ಬರೆದ ‘ಮಾರ್ಟಿ’ (1953) ಮದುವೆಯಾಗದ ಸಾಮಾನ್ಯ ಮಾಂಸದಂಗಡಿಯವನನ್ನು ನಾಯಕನನ್ನಾಗಿಸಿತು. ಆದರೆ ಪ್ರಾಯೋಜಕರ ಹಣ ನಾಟಕಕ್ಕೆ ಗಡಿಯನ್ನೂ ಹಾಕುತ್ತಿತ್ತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನ ಕೊಲೆಯಾಯಿತು. ಅದರಿಂದ ಪ್ರೇರಿತವಾಗಿ ರಾಡ್ ಸರ್ಲಿಂಗ್ ಬರೆದ ‘ನೂನ್ ಆನ್ ಡೂಮ್ಸ್‌ಡೇ’ 1956ರಲ್ಲಿ ಪ್ರಸಾರವಾಗುವ ಹೊತ್ತಿಗೆ ಘಟನೆ ನ್ಯೂ ಇಂಗ್ಲೆಂಡಿಗೆ ಸರಿದಿತ್ತು. ಸತ್ತವನು ಯಾವುದೋ ಅನಾಮಿಕ ಪರದೇಶಿಯಾಗಿದ್ದ. ದಕ್ಷಿಣದ ನೆನಪು ತರುತ್ತದೆಂದು ಕೋಕಾ ಕೋಲಾ ಬಾಟಲಿಯನ್ನೂ ತೆಗೆಸಿದರು. ಗುಮಾಸ್ತ, ಕಟುಕರ ಒಂಟಿತನ ಒಪ್ಪಿತವಾಗಿತ್ತು. ವರ್ಣದ್ವೇಷದ ಹೆಸರೆತ್ತುವುದು ಒಪ್ಪಿತವಾಗಿರಲಿಲ್ಲ.

ಮಾಲ್ಗುಡಿಯ ಮೌನ ಬೇರೆ ಬಗೆಯದು. ಅಲ್ಲಿ ಯಾರೂ ಬಾಟಲಿ ತೆಗೆಸಬೇಕಿರಲಿಲ್ಲ. ಬಡತನ ಕಾಣುತ್ತದೆ, ಯಜಮಾನಿಕೆ ಕಾಣುತ್ತದೆ. ಜಾತಿಯ ಮಾತು ಹೆಚ್ಚಾಗಿ ಹೊಸಿಲಾಚೆಗೇ ಉಳಿಯುತ್ತದೆ. ಆಗುಂಬೆಯ ಬೀದಿ, ಕನ್ನಡದ ನಟರು ಇದ್ದೂ ಪಾತ್ರಗಳು ಹಿಂದಿಯಲ್ಲಿ ಮಾತಾಡಿದ್ದರಿಂದ ಜನರ ಹಿನ್ನೆಲೆಯನ್ನು ಬಿಟ್ಟುಕೊಡುವ ಆಡುಮಾತಿನ ಗುರುತುಗಳೂ ಅಳಿಸಿಹೋದವು. ಯಾವ ಊರಿನದೂ ಅಲ್ಲದ ಊರು ಎಲ್ಲರ ಊರಾದದ್ದರಲ್ಲಿ ಈ ಅಳಿಸುವಿಕೆಯ ಪಾಲೂ ಇದೆ.

ಹಾಗೆಂದು ಮಾಲ್ಗುಡಿಯನ್ನು ಬರೀ ಮುಗ್ಧ ಲೋಕವೆಂದು ನೆನೆಯುವುದು ಅದಕ್ಕೆ ಮಾಡುವ ಅನ್ಯಾಯ. ಸರ ಸಿಕ್ಕಿತು, ಸಿದ್ದನಿಗೆ ಕೆಲಸ ಸಿಗಲಿಲ್ಲ. ತಪ್ಪಿಲ್ಲವೆಂದು ಗೊತ್ತಾದ ಮೇಲೂ ಅವನಿಗೆ ಬಾಗಿಲು ಯಾಕೆ ತೆರೆಯಲಿಲ್ಲ ಎಂಬ ಪ್ರಶ್ನೆಯನ್ನು ಕಥೆ ನೋಡುವವರ ಮನೆಯೊಳಗೇ ಬಿಟ್ಟು ಹೋಗುತ್ತದೆ.