ಹಡಗಿನಲ್ಲಿ ಹುಟ್ಟಿದ ಬೆಕ್ಕು, ಹಿತ್ತಲಿನ ಮರಿಗಳು

ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬುದು ನಮ್ಮ ನಾಡಿನ ಹಳೆಯ ಮಾತು. ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಲ್ಲಿ ನೆಲೆಸಿದ ನಮ್ಮಂತೆಯೇ ಇಲ್ಲಿನ ಬೆಕ್ಕೂ ವಲಸೆ ಬಂದದ್ದೇ.

ಯುರೋಪಿನ ನಾವಿಕರು ಇಲಿಗಳಿಂದ ದಿನಸಿ ಕಾಯಲು ಬೆಕ್ಕು ಸಾಕುತ್ತಿದ್ದರು. ಹಡಗಿನಲ್ಲಿ ಮರಿ ಹುಟ್ಟಿದರೆ ಅವರಿಗೆ ಸಂತೋಷವೇ. ಗುಡ್‌ಹೋಪ್ ಭೂಶಿರದಿಂದ ಆಸ್ಟ್ರೇಲಿಯಾಕ್ಕೆ ಬರುತ್ತಿದ್ದ ‘ರಿಲಯನ್ಸ್’ ಹಡಗಿನಲ್ಲಿ ಟ್ರಿಮ್ ಎಂಬ ಬೆಕ್ಕು ಜನಿಸಿತು. 1802ರಲ್ಲಿ ಮ್ಯಾಥ್ಯೂ ಫ್ಲಿಂಡರ್ಸ್ ನಮ್ಮ ಸೇಂಟ್ ವಿನ್ಸೆಂಟ್ ಕೊಲ್ಲಿಯ ನಕ್ಷೆ ರಚಿಸಿದಾಗ ಅದು ಅವರೊಡನಿತ್ತು. ಮುಂದೆ ಮಾರಿಷಸ್‌ನಲ್ಲಿ ಬಂಧಿಯಾಗಿದ್ದಾಗ ಅವರು ಅದರ ಚರಿತ್ರೆಯನ್ನೇ ಬರೆದರು.

ಹಡಗಿನಲ್ಲಿ ವರವಾಗಿದ್ದ ಸಂತಾನವು ನೆಲದ ಮೇಲೆ ಹೊರೆಯಾಯಿತು. ಬೆಕ್ಕಿನ ಗರ್ಭಾವಧಿ ಸುಮಾರು 9 ವಾರ. ಹೆಣ್ಣುಮರಿ 4 ತಿಂಗಳಿಗೇ ಗರ್ಭ ಧರಿಸಬಲ್ಲದು. ಅನಾಥ ಮರಿಗಳು ಹೆಚ್ಚಿದವು, ಇಲ್ಲಿನ ಹಕ್ಕಿಗಳಿಗೆ ಕುತ್ತು ಒದಗಿತು. ಆದುದರಿಂದ 2018ರ ಜುಲೈ 1ರ ನಂತರ ಹುಟ್ಟಿದ ಬೆಕ್ಕುಗಳಿಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ 6 ತಿಂಗಳೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಕಡ್ಡಾಯವಾಯಿತು. ನೋಂದಾಯಿತ ತಳಿ ಸಾಕಣೆದಾರರಿಗೆ ವಿನಾಯಿತಿ ದೊರೆಯುತ್ತದೆ.

ಆದರೂ ಹಿತ್ತಲಿನಲ್ಲಿ ಕಣ್ತೆರೆಯದ ಮರಿಗಳು ಕಂಡರೆ ಅವಸರದಿಂದ ಎತ್ತಬಾರದು. ತಾಯಿ ಆಹಾರ ಅರಸಿ ಹೋಗಿರಬಹುದು, ದೂರದಿಂದ ಕಾದು ನೋಡಬೇಕು. ಅದು ಬಾರದಿದ್ದರೆ ಮರಿಗಳನ್ನು ಬೆಚ್ಚಗಿರಿಸಿ ಪಶುವೈದ್ಯರನ್ನು ಕಾಣಬೇಕು, ಏಕೆಂದರೆ ಎಳೆಮರಿ ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಊರಿನ ರೂಢಿಯಂತೆ ಹಸುವಿನ ಹಾಲೆರೆದರೆ ಭೇದಿಯಾಗಿ ಮರಿ ಸಾಯಬಹುದು. ಮರಿಗಳನ್ನು ಉಳಿಸುವುದೂ ಮುಂದಿನ ಸೂಲನ್ನು ತಡೆಯುವುದೂ ಇಂದು ನಮ್ಮದೇ ಹೊಣೆ.