ಮಣ್ಣಿನ ಫಲವತ್ತತೆ ಮತ್ತು ಕಳೆನಾಶಕದ ಪರಿಣಾಮ: ಮೈಸೂರು ಸೀಮೆಯ ಕೆಂಪು ಮಣ್ಣು

ಕಳೆನಾಶಕ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಸಿಂಪಡಿಸುವ ಪ್ರಮಾಣದ ಜೊತೆಗೆ ಹೊಲದ ಮಣ್ಣೂ ನಿರ್ಧರಿಸುತ್ತದೆ. ಮೈಸೂರಿನ ದಟ್ಟಗಳ್ಳಿ ಈಗ ಬಡಾವಣೆ. ಅದರಾಚೆ ಜಯಪುರ ಹೋಬಳಿಯ ಕಡೆ ರಾಗಿ, ಹುರುಳಿ, ಮುಸುಕಿನ ಜೋಳದ ಹೊಲಗಳು ಉಳಿದಿವೆ. ದಕ್ಷಿಣ ಒಣವಲಯದ ಈ ಭಾಗದಲ್ಲಿ ಮರಳುಮಿಶ್ರಿತ ಕೆಂಪು ಮಣ್ಣೇ ಹೆಚ್ಚು, ಅದರಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಕಡಿಮೆ. ಮಣ್ಣು ಪರೀಕ್ಷೆಯಲ್ಲಿ ಶೇ. 0.5ಕ್ಕಿಂತ ಕೆಳಗಿನ ಇಂಗಾಲವನ್ನು ಕೊರತೆ ಎಂದೇ ಗಣಿಸುತ್ತಾರೆ.

ಮುಸುಕಿನ ಜೋಳಕ್ಕೆ ಬಿತ್ತಿದ ಕೂಡಲೇ ಹೊಡೆಯುವ ಅಟ್ರಾಜಿನ್‌ನಂಥ ಔಷಧಗಳನ್ನು ಮಣ್ಣಿನ ಸಾವಯವ ಅಂಶವೂ ಜೇಡಿಯೂ ಹಿಡಿದಿಟ್ಟುಕೊಳ್ಳುತ್ತವೆ. ಇಂಗಾಲ ಕಡಿಮೆಯಿದ್ದು ಮರಳು ಹೆಚ್ಚಿದ್ದರೆ ಜೋರು ಮಳೆಗೆ ಔಷಧ ಕೆಳಕ್ಕಿಳಿಯುತ್ತದೆ. ಆಗ ಮೇಲ್ಪದರದಲ್ಲಿ ಕಳೆ ಮತ್ತೆ ಹುಟ್ಟುತ್ತದೆ, ಸೂಕ್ಷ್ಮ ಬೆಳೆಯಾದರೆ ಅದರ ಬೇರಿಗೂ ಪೆಟ್ಟು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಉಂಡ ಹೊಲದಲ್ಲಿ ಔಷಧದ ಒಂದಷ್ಟು ಭಾಗ ಮಣ್ಣಿಗೆ ಅಂಟಿಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ಅದನ್ನು ಬೇಗ ಒಡೆಯಲೂಬಹುದು. ಆದ್ದರಿಂದ ಎರಡೂ ಹೊಲಗಳಿಗೆ ಒಂದೇ ಅಳತೆ ಸಲ್ಲದು. ಕಬಿನಿ ಅಚ್ಚುಕಟ್ಟಿನಲ್ಲಿ ಅಲ್ಲಲ್ಲಿ ಕಾಣುವ ಕ್ಷಾರ ಮಣ್ಣಿನಲ್ಲಿ ಅಟ್ರಾಜಿನ್ ಹೆಚ್ಚು ಕಾಲ ಉಳಿದು, ಮುಂದಿನ ದ್ವಿದಳ ಬೆಳೆಗೆ ತೊಂದರೆ ಕೊಡಬಲ್ಲದು.

ಎಲೆಯ ಮೇಲೆ ಸಿಂಪಡಿಸುವ ಔಷಧಗಳಲ್ಲಿ ಸಾರಜನಕದ ಪಾತ್ರ ದೊಡ್ಡದು, ಗಮನಕ್ಕೆ ಬರುವುದು ಮಾತ್ರ ಕಡಿಮೆ. ಸಾರಜನಕ ಸಿಗದ ಕಳೆ ನಿಧಾನವಾಗಿ ಬೆಳೆಯುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಬೇರು ಮತ್ತು ಕುಡಿಗಳತ್ತ ಹರಿಯುವುದು ಕುಗ್ಗುತ್ತದೆ. ಗ್ಲೈಫೋಸೇಟ್ ಸಾಗುವುದೂ ಆ ಹರಿವಿನೊಂದಿಗೇ. ಸೊರಗಿದ ಕಳೆಯನ್ನು ಸುಲಭವಾಗಿ ಕೊಲ್ಲಬಹುದೆಂಬ ಎಣಿಕೆ ಹೀಗಾಗಿ ತಪ್ಪು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾರಜನಕದ ಕೊರತೆಯಲ್ಲಿ ಬೆಳೆದ ಕಾಡು ಹರಿವೆಯನ್ನು ಹತ್ತಿಕ್ಕಲು ಹಲವು ಕಳೆನಾಶಕಗಳು ಹೆಚ್ಚು ಪ್ರಮಾಣದಲ್ಲಿ ಬೇಕಾದವು. ಬಡ ಹೊಲದ ರೈತ ಒಂದು ಸಿಂಪಡಣೆ ಸೋತಾಗ ಔಷಧವನ್ನು ನಕಲಿ ಎಂದು ಶಂಕಿಸುವ ಮೊದಲು ಈ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಹಾಗೆಂದು ಕಳೆಯಿರುವಾಗಲೇ ಯೂರಿಯಾ ಎರಚುವುದು ಪರಿಹಾರವಲ್ಲ. ಕೊನ್ನಾರಿ, ಗರಿಕೆ, ಪಾರ್ಥೇನಿಯಂಗಳು ಅದನ್ನು ಬೆಳೆಗಿಂತ ಮೊದಲೇ ಹೀರಿಬಿಡಬಲ್ಲವು. ಕಳೆ ಹತೋಟಿಗೆ ಬಂದ ಮೇಲೆಯೇ ಮೇಲುಗೊಬ್ಬರ ಕೊಡಬೇಕು, ಅದನ್ನೂ ಸಾಲಿನ ಬುಡಕ್ಕೆ. ವರ್ಷವರ್ಷವೂ ಕೊಟ್ಟಿಗೆ ಗೊಬ್ಬರ ಹಾಕಿ ಇಂಗಾಲ ಹೆಚ್ಚಿಸುವುದು ದೀರ್ಘಾವಧಿಯ ದಾರಿ. ಗೊಬ್ಬರ ಚೆನ್ನಾಗಿ ಕಳಿತಿರದಿದ್ದರೆ ಕಳೆಬೀಜವೂ ಅದರೊಂದಿಗೇ ಹೊಲ ಸೇರುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ಸಾವಯವ ಇಂಗಾಲ, ಸಾರಜನಕ ಸೇರಿದಂತೆ 12 ಅಂಶಗಳು ದಾಖಲಾಗುತ್ತವೆ. ಅದನ್ನು ಗೊಬ್ಬರದ ಲೆಕ್ಕಕ್ಕಷ್ಟೇ ಬಳಸದೆ, ಕಳೆನಾಶಕ ಕೊಳ್ಳುವ ಮುನ್ನವೂ ರೈತರು ತೆರೆದು ನೋಡಬೇಕು, ಶಿಫಾರಸು ಮಾಡುವವರು ಕೇಳಿ ಪಡೆಯಬೇಕು.